ಮ್ಯಾಲ ಬಣ್ಣ, ಕೆಳಗ ತುಕ್ಕು: ಪಿಕಪ್ಪಿನ ಚಾಸಿ ನೋಡುವವರು ಯಾರು?

ಗದಗಿನಿಂದ ಮುಳಗುಂದದ ಕಡೆ ಹೊರಟರೆ ಸಿಗುವ ಮಲ್ಲಸಮುದ್ರದ ರಸ್ತೆಯಲ್ಲಿ ಮುಂಜಾನೆ ಒಂದು ತಾಸು ನಿಂತು ನೋಡಿದವರಿಗೆ ನಾವು ಹೇಳಹೊರಟ ಮಾತು ಬೇಗ ಅರ್ಥವಾದೀತು. ಹಾಲಿನ ಕ್ಯಾನು ಹೊತ್ತ ಪಿಕಪ್ಪು, ಉಳ್ಳಾಗಡ್ಡಿ ಚೀಲ ಹೇರಿದ ಪಿಕಪ್ಪು, ಸಿಮೆಂಟು ಕಬ್ಬಿಣ ತುಂಬಿದ ಪಿಕಪ್ಪು, ಅದರ ಬೆನ್ನಿಗೇ ಹತ್ತಿ ಬಿಡಸಾಕ ಹೊರಟ ಹೆಣ್ಣುಮಕ್ಕಳನ್ನು ಒತ್ತಿ ನಿಲ್ಲಿಸಿಕೊಂಡ ಇನ್ನೊಂದು ಪಿಕಪ್ಪು. ಮುಂದೆ ನಿಂಬೆಹಣ್ಣು ಮೆಣಸಿನಕಾಯಿ, ಗಾಜಿನ ಮೇಲೆ ಮನೆದೇವರ ಹೆಸರು, ಬಾಗಿಲಿಗೆ ಮೊನ್ನೆ ಬಳಿದ ಬಣ್ಣ. ಎಲ್ಲಾ ಸರಿ. ಆದರೆ ಆ ಗಾಡಿಯ ಹೊಟ್ಟೆಯ ಕೆಳಗೆ ಬಗ್ಗಿ ನೋಡಿದವರು ಎಷ್ಟು ಮಂದಿ?

ಗಾಡಿಗೆ ಇಂಜಿನ್ನು ಗುಂಡಿಗೆ ಇದ್ದ ಹಾಗೆ, ಚಾಸಿ ಬೆನ್ನೆಲುಬು ಇದ್ದ ಹಾಗೆ. ಇಂಜಿನ್ನು ಕೆಟ್ಟರೆ ಗಾಡಿ ನಿಲ್ಲುತ್ತದೆ, ಅಷ್ಟೆ. ಮೇಸ್ತ್ರಿ ಬರುತ್ತಾನೆ, ರೊಕ್ಕ ಹೋಗುತ್ತದೆ, ಮತ್ತೆ ಓಡುತ್ತದೆ. ಚಾಸಿ ಹಾಗಲ್ಲ. ಅದು ಕೆಡುವಾಗ ಸದ್ದು ಮಾಡುವುದಿಲ್ಲ, ಹೊಗೆ ಉಗುಳುವುದಿಲ್ಲ, ಡಿಜೇಲು ಹೆಚ್ಚು ಕುಡಿಯುವುದಿಲ್ಲ. ಗಾಡಿ ಎಂದಿನಂತೆ ಜಗ್ಗುತ್ತದೆ. ಒಂದು ದಿನ ಲೋಡಿನಲ್ಲಿ, ತಿರುವಿನಲ್ಲಿ, ತಗ್ಗಿನಲ್ಲಿ ಇಳಿದಾಗ ಹಿಂದಿನ ಪಾಟಾ ಹಿಡಿದ ಬ್ರಾಕೆಟ್ಟು ಕೊಳೆತ ಕಬ್ಬಿಣದ ಸಮೇತ ಕಿತ್ತು ಬರುತ್ತದೆ. ಆಮೇಲೆ ಸ್ಟೇರಿಂಗ್ ಹಿಡಿದವನ ಕೈಯಲ್ಲಿ ಏನೂ ಉಳಿಯುವುದಿಲ್ಲ.

"ನಮ್ಮದು ಬರಗಾಲದ ಸೀಮಿ, ಇಲ್ಲೆಲ್ಲಿ ತುಕ್ಕ ಬರಬೇಕ್ರಿ" ಎಂದು ಕೇಳುವವರು ಬಹಳ. ಮಾತಿನಲ್ಲಿ ಅರ್ಧ ಸತ್ಯವಿದೆ. ಗದಗ ಸೀಮೆಯ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಕಾರವಾರ ಹೊನ್ನಾವರದ ಕಡೆ ಅದು 3000 ದಾಟುತ್ತದೆ. ಅಮೇರಿಕಾ, ಯುರೋಪಿನ ಶೀತದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೇ ಉಪ್ಪು ಚೆಲ್ಲುತ್ತಾರೆ, ಅಲ್ಲಿ ಗಾಡಿಗಳು ಕೆಳಗಿನಿಂದಲೇ ಉದುರುತ್ತವೆ. ನಮ್ಮಲ್ಲಿ ಅದಿಲ್ಲ. ಹಾಗಿದ್ದೂ ನಮ್ಮ ಹಳೇ ಪಿಕಪ್ಪುಗಳ ಕೆಳಗೆ ತೂತು ಬೀಳುವುದಕ್ಕೆ ಕಾರಣಗಳು ಬೇರೆ, ಅವು ನಮ್ಮ ಹೊಲಮನೆಯವೇ.

ಮೊದಲನೆಯದು ಎರಿಮಣ್ಣು. ಎರಿನೆಲದ ರಾಡಿ ಚಾಸಿಯ ಒಳಮೂಲೆಗೆ ಮೆತ್ತಿಕೊಂಡರೆ ಸುಲಭವಾಗಿ ಬಿಡುವ ಪೈಕಿ ಅಲ್ಲ. ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿ ಹಿಡಿದು ಕೂತಿರುತ್ತದೆ. ಬಿಸಿಲೆಷ್ಟೇ ಇರಲಿ, ಕಬ್ಬಿಣಕ್ಕೆ ಅಲ್ಲಿ ಸದಾ ಮಳೆಗಾಲ. ಪೆಟ್ಟಿಗೆಯಂತೆ ಮುಚ್ಚಿದ ಚಾಸಿಗೆ ನೀರು ಇಳಿಯಲೆಂದು ಕಂಪನಿಯವರು ತೂತು ಬಿಟ್ಟಿರುತ್ತಾರೆ, ಅದೂ ಈ ಮಣ್ಣಿನಿಂದ ಮುಚ್ಚಿಹೋಗುತ್ತದೆ. ಎರಡನೆಯದು ಗೊಬ್ಬರ. ಯೂರಿಯಾ ಹವೆಯ ನೀರನ್ನು ಎಳೆದುಕೊಳ್ಳುವ ಸರಕು. ಪೊಟ್ಯಾಷ್ ಎಂದು ನಾವು ಕೊಳ್ಳುವ ಕೆಂಪು ಗೊಬ್ಬರವಂತೂ ಅಡಿಗೆ ಉಪ್ಪಿನ ಅಣ್ಣತಮ್ಮನೇ, ಕ್ಲೋರೈಡು. ಹರಿದ ಚೀಲದಿಂದ ಒಂದು ಬೊಗಸೆ ಸೋರಿ ಹಲಗೆಯ ಸಂದಿಯಲ್ಲಿ ಚಾಸಿಯ ಮೇಲೆ ಬಿದ್ದರೆ, ಮುಂದಿನ ಮಳೆಗೆ ಅದೇ ಉಪ್ಪುನೀರು. ಮೇಲೆ ದನ ಹೇರಿದಾಗಿನ ಗಂಜಲ, ಹಸಿ ಉಸುಕಿನ ನೀರು, ಬ್ಯಾಟರಿಯಿಂದ ತೊಟ್ಟಿಕ್ಕುವ ಆಸಿಡ್ಡು.

ಇನ್ನೊಂದು ಕಾರಣವನ್ನು ಬಾಡಿ ಕಟ್ಟುವವರೂ ಒಪ್ಪುತ್ತಾರೆ. ಚಾಸಿಗೂ ಮೇಲಿನ ತೊಟ್ಟಿಗೂ ನಡುವೆ ಕಟ್ಟಿಗೆಯ ಪಟ್ಟಿ ಕೂಡಿಸಿ ಯು-ಬೋಲ್ಟು ಬಿಗಿಯುವ ರೂಢಿ. ಆ ಕಟ್ಟಿಗೆ ನೀರು ಕುಡಿದು ವಾರಗಟ್ಟಲೆ ಒಣಗುವುದಿಲ್ಲ. ಕಟ್ಟಿಗೆ ಚೆನ್ನಾಗಿಯೇ ಇರುತ್ತದೆ, ಅದರ ಕೆಳಗಿನ ಕಬ್ಬಿಣ ಹಪ್ಪಳದಂತೆ ಪದರು ಪದರಾಗಿ ಏಳುತ್ತದೆ. ತೊಟ್ಟಿ ಬಿಚ್ಚುವವರೆಗೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇಷ್ಟೂ ನಮ್ಮೂರಿನ ಗಾಡಿಯ ಮಾತಾಯಿತು. ಕರಾವಳಿಯಲ್ಲಿ ದುಡಿದ ಗಾಡಿಯ ಕಥೆ ಬೇರೆ. ಮೀನಿನ ಪೆಟ್ಟಿಗೆಯಿಂದ ಸೋರಿದ ಉಪ್ಪು ಬೆರೆತ ಬರ್ಫಿನ ನೀರು ವರ್ಷಗಟ್ಟಲೆ ಚಾಸಿಯ ಮೇಲೆ ಹರಿದಿರುತ್ತದೆ. ಅಂಥಾ ಗಾಡಿ ಅಗ್ಗದ ದರಕ್ಕೆ ಘಟ್ಟ ಹತ್ತಿ ಹುಬ್ಬಳ್ಳಿ ಗದಗಿನ ಬಾಜಾರಕ್ಕೆ ಬಂದಾಗ ಹೊಸ ಬಣ್ಣ, ಹೊಸ ಸೀಟು, ಹೊಸ ಟೇಪು. ನಂಬರ ಪ್ಲೇಟಿನಲ್ಲಿ ಕೆ.ಎ. 19, 20, 30 ಅಥವಾ 47 ಕಂಡರೆ ಅದು ಮಂಗಳೂರು, ಉಡುಪಿ, ಕಾರವಾರ ಅಥವಾ ಹೊನ್ನಾವರದ ನೋಂದಣಿ ಎಂದು ತಿಳಿದು, ರೇಟು ಮಾತಾಡುವ ಮೊದಲು ಕೆಳಗೆ ತೂರಬೇಕು. ಕರಾವಳಿಯ ಗಾಡಿಯೆಲ್ಲಾ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಆದರೆ ಅಲ್ಲಿಯ 8 ವರ್ಷ ನಮ್ಮ ಕಡೆಯ 20 ವರ್ಷಕ್ಕಿಂತ ಭಾರವಾಗಿರುವ ಸಂಭವ ಉಂಟು. ಗಾಡಿಯ ವಯಸ್ಸನ್ನು ಆರ್.ಸಿ. ಪುಸ್ತಕ ಹೇಳುತ್ತದೆ, ಆರೋಗ್ಯವನ್ನು ಹೇಳುವುದಿಲ್ಲ. 15 ವರ್ಷ ಮೀರಿದ ತನ್ನ ವಾಹನಗಳನ್ನು 2023ರ ಏಪ್ರಿಲ್ 1ರಿಂದ ಸರಕಾರ ರಸ್ತೆಯಿಂದ ಇಳಿಸಲು ಹೊರಟಾಗಲೂ ಲೆಕ್ಕ ಹಿಡಿದದ್ದು ವಯಸ್ಸನ್ನೇ.

ನಮ್ಮ ಕಪ್ಪತಗುಡ್ಡದಲ್ಲಿ ಕೆಂಪಗೆ ಕಾಣುವ ಕಲ್ಲು ಕಬ್ಬಿಣದ ಅದಿರು. ತುಕ್ಕೂ ಅದೇ ಜಾತಿ: ಕಬ್ಬಿಣ, ಹವೆ, ನೀರು ಕೂಡಿದ್ದು. ಭಟ್ಟಿಯಲ್ಲಿ ಬೇಯಿಸಿ ಬಲಾತ್ಕಾರದಿಂದ ಹೊರತೆಗೆದ ಕಬ್ಬಿಣ ಸಂದು ಸಿಕ್ಕಾಗಲೆಲ್ಲ ತವರಿಗೆ ಓಡುತ್ತದೆ ಎಂದರೂ ನಡೆದೀತು. ಹೋಗುವಾಗ ಅದು ಉಬ್ಬುತ್ತದೆ, ಒಂದು ಪಾಲು ಕಬ್ಬಿಣ ತುಕ್ಕಾದಾಗ ಹಲವು ಪಟ್ಟು ಜಾಗ ಬೇಡುತ್ತದೆ. ಆದ್ದರಿಂದಲೇ ಎರಡು ತಗಡು ಜೋಡಿಸಿದ ಕಡೆ ತುಕ್ಕು ಹೊಕ್ಕರೆ ರಿವೆಟ್ಟು ಜಗ್ಗಿ ಸಂದಿ ಬಾಯಿ ಬಿಡುತ್ತದೆ. ನೋಡುವವರಿಗೆ ಕಬ್ಬಿಣ ದಪ್ಪಗಾದಂತೆ ಕಾಣುತ್ತದೆ. ಸುತ್ತಿಗೆಯಿಂದ ಒಂದು ಏಟು ಹಾಕಿದರೆ ದಪ್ಪವೆಲ್ಲ ನೆಲಕ್ಕೆ.

ಈಗ ಪಾಸಿಂಗಿನ ವಿಷಯ.

ಬಾಡಿಗೆ ಸರಕು ಸಾಗಿಸುವ ಗಾಡಿಗೆ ಫಿಟ್‌ನೆಸ್ ಸರ್ಟಿಫಿಕೇಟು ಕಡ್ಡಾಯ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 62ನೇ ನಿಯಮದಂತೆ 8 ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ತೋರಿಸಬೇಕು. ಗಾಡಿ ಮಾಲಕರು ಪಾಸಿಂಗಿಗೆ ಹೇಗೆ ತಯಾರಾಗುತ್ತಾರೆ ಎಂಬುದು ಗ್ಯಾರೇಜಿನ ಹುಡುಗನಿಗೂ ಗೊತ್ತು. ಹಿಂದಿನ ದಿನ ಸರ್ವಿಸಿಂಗ್, ರಿಫ್ಲೆಕ್ಟರ್ ಪಟ್ಟಿ, ದೀಪದ ಬಲ್ಬು, ಹಾರ್ನು, ವೈಪರು, ಬಾಗಿಲ ಮೇಲೆ ಅಕ್ಷರ. ಕೊನೆಗೆ ಚಾಸಿಗೆ ಕರೇ ಬಣ್ಣ. ಕೆಲವರು ಡಾಂಬರಿನಂಥ ಅಂಡರ್ ಕೋಟಿಂಗನ್ನೇ ತುಕ್ಕಿನ ಮೇಲೆ ದಪ್ಪಗೆ ಬಳಿಯುತ್ತಾರೆ. ಇದರಷ್ಟು ಕೆಟ್ಟ ಉಪಚಾರ ಮತ್ತೊಂದಿಲ್ಲ. ಹುಣ್ಣಿನ ಮೇಲೆ ಮೇಣ ಹಚ್ಚಿ ಮುಚ್ಚಿದ ಹಾಗೆ, ಒಳಗಿನ ಹಸಿ ಹೊರಬರಲಾರದೆ ಅಲ್ಲಿಯೇ ಕೊರೆಯುತ್ತದೆ, ಮುಂದಿನ ವರ್ಷ ಬಣ್ಣದ ಸಿಪ್ಪೆ ಮಾತ್ರ ಉಳಿದಿರುತ್ತದೆ.

ದೀಪ, ಕನ್ನಡಿ, ಹಾರ್ನು, ಗಾಜು ಎಲ್ಲವನ್ನೂ ನಿಂತು ನೋಡಬಹುದು. ಬ್ರೇಕನ್ನು ಓಡಿಸಿ ನೋಡಬಹುದು. ಚಾಸಿ ನೋಡಬೇಕಾದರೆ ನೆಲದ ಮೇಲೆ ಮಲಗಬೇಕು. ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ದಿನಕ್ಕೆ ಹತ್ತಾರು ಗಾಡಿಗಳ ಕೆಳಗೆ ಮಲಗಿ ಏಳು ಎಂದು ಒಬ್ಬ ಇನ್ಸ್‌ಪೆಕ್ಟರಿಗೆ ಹೇಳುವುದು ನ್ಯಾಯವೂ ಅಲ್ಲ. ನೋಡಲಾಗದಂಥಾ ಜಾಗೆಯಲ್ಲಿ ಗಾಡಿ ನಿಲ್ಲಿಸಿ 'ನೋಡಿದೆ' ಎಂದು ಸಹಿ ಹಾಕುವ ಪದ್ಧತಿಯ ಬಗ್ಗೆ ನಮ್ಮ ತಕರಾರು, ಯಾವ ಒಬ್ಬ ಅಧಿಕಾರಿಯ ಬಗ್ಗೆಯೂ ಅಲ್ಲ. ಗಾಡಿ ನಿಲ್ಲುವಲ್ಲಿ ಆಳೆತ್ತರದ ಒಂದು ತಗ್ಗು, ಕೈಯಲ್ಲಿ ಬ್ಯಾಟರಿ, ಒಂದು ಸಣ್ಣ ಸುತ್ತಿಗೆ, ಒಂದು ಚೂಪಾದ ಕಬ್ಬಿಣದ ಕಡ್ಡಿ ಇದ್ದರೆ ಐದು ನಿಮಿಷದ ಕೆಲಸ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಕೊಳೆತದ್ದು ಹಸಿ ಮಡಿಕೆ ಬಾರಿಸಿದಂತೆ ಬೊದ್ ಎನ್ನುತ್ತದೆ. ಕಡ್ಡಿ ಒತ್ತಿದರೆ ಒಳಗೆ ಹೋಯಿತೋ, ಗಾಡಿ ಪಾಸಿಲ್ಲ. ಇದಕ್ಕೆ ಇಂಜಿನಿಯರಿಂಗ್ ಪದವಿ ಬೇಡ.

ಮಾಲಕನ ಕಡೆಯಿಂದಲೂ ನೋಡೋಣ. ಈ ಹಳೇ ಪಿಕಪ್ಪಿನವರು ಸಾವುಕಾರರಲ್ಲ. ಅವನೇ ಡ್ರೈವರ, ಅವನೇ ಹಮಾಲ, ಅವನೇ ಮಾಲಕ. ಹೆಂಡತಿಯ ಬಂಗಾರ ಅಡವಿಟ್ಟು ಮೂರನೇ ಕೈಯ ಗಾಡಿ ಕೊಂಡವನು. 1976ರಲ್ಲಿ ಇದೇ ಗದಗಿನಲ್ಲಿ ಒಂದೇ ಲಾರಿಯಿಂದ ವಿಜಯ ಸಂಕೇಶ್ವರರು ಧಂದೆ ಶುರು ಮಾಡಿ ವಿ.ಆರ್.ಎಲ್. ಕಟ್ಟಿದ ಕಥೆ ಈ ಭಾಗದ ಪ್ರತಿಯೊಬ್ಬ ಗಾಡಿಯವನ ಬಾಯಲ್ಲಿದೆ. ಒಂದು ಗಾಡಿಯಿಂದ ಎರಡಾದೀತು ಎಂಬ ಆಸೆ ಯಾರಿಗಿಲ್ಲ? ಅವನಿಗೆ "ಗಾಡಿ ಮುರಿದ ಹಾಕಪ್ಪಾ" ಎಂದರೆ ಹೊಟ್ಟೆಯ ಮೇಲೆ ಕಾಲಿಟ್ಟಂತೆ. 2021ರ ಗುಜರಿ ನೀತಿಯನ್ವಯ ನೋಂದಾಯಿತ ಕೇಂದ್ರದಲ್ಲಿ ಹಳೆಯದನ್ನು ಒಪ್ಪಿಸಿ ಹೊಸದನ್ನು ಕೊಂಡರೆ ಬಾಡಿಗೆ ಗಾಡಿಗೆ ತೆರಿಗೆಯಲ್ಲಿ ಶೇಕಡಾ 15ರ ತನಕ ರಿಯಾಯಿತಿ ಕೊಡಲು ಅವಕಾಶವಿದೆಯೆಂದು ಕಾಗದ ಹೇಳುತ್ತದೆ. ಆದರೆ ಹೊಸ ಗಾಡಿ ಕೊಳ್ಳುವ ತಾಕತ್ತು ಇದ್ದವನಿಗಲ್ಲವೇ ಆ ರಿಯಾಯಿತಿ?

ಹಾಗಾಗಿ ಮೊದಲು ಕೇಳಬೇಕಾದದ್ದು, ತುಕ್ಕು ಹಿಡಿದ ಚಾಸಿಯನ್ನು ಉಳಿಸಿಕೊಳ್ಳಬಹುದೇ ಎಂದು. ಕೆಲವನ್ನು ಉಳಿಸಬಹುದು, ಕೆಲವನ್ನು ಸಾಧ್ಯವಿಲ್ಲ. ಎಲ್ಲಿ ಗೆರೆ ಎಳೆಯಬೇಕೆಂಬುದನ್ನು ಬಲ್ಲ ಮೇಸ್ತ್ರಿಗಳು ಗದಗ ಬೆಟಗೇರಿಯಲ್ಲಿ ಇದ್ದಾರೆ. ಆದರೆ ಗಿರಾಕಿ ಅವಸರ ಮಾಡುತ್ತಾನೆ, ಮೇಸ್ತ್ರಿ "ಹೂಂ" ಅಂತಾನೆ.

ಮೇಲಿಂದ ಮೇಲೆ ಕೆಂಪಗಾಗಿ, ಕೆರೆದರೆ ಕೆಳಗೆ ಹೊಳೆಯುವ ಕಬ್ಬಿಣ ಸಿಕ್ಕರೆ ಭಯವಿಲ್ಲ. ತಂತಿಯ ಬ್ರಶ್ಶಿನಿಂದ ಅಥವಾ ಗ್ರೈಂಡರಿನಿಂದ ಬಿಳಿ ಕಬ್ಬಿಣ ಕಾಣುವವರೆಗೆ ಉಜ್ಜಿ, ಅದೇ ದಿನ ಸತುವಿನ ಪ್ರೈಮರು, ಮೇಲೆ ಎರಡು ಕೈ ಬಣ್ಣ ಕೊಡಬೇಕು. ಉಜ್ಜಿ ಬಿಟ್ಟು ಮಾರನೇ ದಿನ ಬಣ್ಣ ಹಚ್ಚುತ್ತೇನೆಂದರೆ ರಾತ್ರಿಯ ಇಬ್ಬನಿಗೇ ಮತ್ತೆ ಶುರು. ಪೆಟ್ಟಿಗೆ ಚಾಸಿಯ ಒಳಗೆ ಬ್ರಶ್ಶು ಹೋಗುವುದಿಲ್ಲ. ತೂತಿನಿಂದ ನೀರು ಬಿಟ್ಟು ಮಣ್ಣು ತೊಳೆದು, ಚೆನ್ನಾಗಿ ಒಣಗಿಸಿ, ಮೇಣದ ದ್ರವ ಸಿಂಪಡಿಸಬೇಕು. ಸುಟ್ಟ ಇಂಜಿನ್ ಆಯಿಲು ಬಳಿಯುವುದು ನಮ್ಮ ಹಳ್ಳಿಯ ಔಷಧಿ. ಏನೂ ಇಲ್ಲದಕ್ಕಿಂತ ವಾಸಿ, ನಿಜ. ಆದರೆ ಬ್ರೇಕಿನ ಪೈಪಿಗೆ, ರಬ್ಬರ ಬುಶ್ಶಿಗೆ ಅದು ತಾಗಬಾರದು, ಮತ್ತು ಎಣ್ಣೆಗೆ ಅಂಟಿದ ಎರಿಮಣ್ಣನ್ನು ತೆಗೆಯುವುದು ದೇವರಿಗೂ ಸಾಧ್ಯವಿಲ್ಲ.

ತೂತು ಬಿದ್ದಿದ್ದರೆ ಮಾತು ಬೇರೆ. ನಮ್ಮ ಕಡೆ ಇದಕ್ಕೆ ಮಾಡುವುದು ಒಂದೇ, ಮೇಲೊಂದು ತಗಡಿನ ತ್ಯಾಪಿ ಇಟ್ಟು ಸುತ್ತಲೂ ವೆಲ್ಡಿಂಗು. ಕೊಳೆತ ಕಬ್ಬಿಣಕ್ಕೆ ವೆಲ್ಡಿಂಗ್ ಹಿಡಿಯುವುದಿಲ್ಲ, ಹಿಡಿದಂತೆ ಕಾಣುತ್ತದೆ. ಹರಕು ಧೋತರಕ್ಕೆ ಹೊಸ ಕೋರಾ ಬಟ್ಟೆಯ ತ್ಯಾಪಿ ಹಾಕಿದರೆ ತ್ಯಾಪಿಯ ಪಕ್ಕದಲ್ಲೇ ಹರಿಯುತ್ತದಲ್ಲ, ಹಾಗೆ. ಸರಿಯಾಗಿ ಮಾಡಬೇಕೆಂದರೆ ತೊಟ್ಟಿ ಬಿಚ್ಚಬೇಕು. ಚಾಸಿ ಬಗ್ಗದಂತೆ ಎರಡೂ ಕಡೆ ಆಧಾರ ಕೊಡಬೇಕು. ಬ್ಯಾಟರಿಯ ವಾಯರು ಕಳಚಬೇಕು, ಡಿಜೇಲ್ ಟಾಕಿ ಇಳಿಸಬೇಕು. ಕೊಳೆತದ್ದನ್ನು ಗಟ್ಟಿ ಕಬ್ಬಿಣ ಸಿಗುವವರೆಗೆ ಕೊಯ್ದು ತೆಗೆಯಬೇಕು, ಮೂಲದಷ್ಟೇ ದಪ್ಪದ ಪ್ಲೇಟು ಕೂಡಿಸಬೇಕು. ಪ್ಲೇಟಿನ ತುದಿ ಚೌಕಾಕಾರ ಇರದೆ ಓರೆಯಾಗಿ ಚೂಪಾಗಿರಬೇಕು, ಯಾಕೆಂದರೆ ನೆಟ್ಟಗೆ ಅಡ್ಡ ಎಳೆದ ವೆಲ್ಡಿಂಗ್ ಗೆರೆಯ ಮೇಲೆಯೇ ಚಾಸಿ ಸೀಳುತ್ತದೆ. ಮೇಲಿನ ಮತ್ತು ಕೆಳಗಿನ ಅಂಚುಪಟ್ಟಿಗೆ ಅಡ್ಡಲಾಗಿ ವೆಲ್ಡಿಂಗ್ ಮುಟ್ಟಿಸಲೇಬಾರದು, ಹೊರೆಯ ಜಗ್ಗಾಟವೆಲ್ಲ ಇರುವುದು ಅಲ್ಲಿ. ಬಿರುಕು ಇದ್ದರೆ ಅದರ ತುದಿಗೆ ಸಣ್ಣ ತೂತು ಕೊರೆದು ಮುಂದಕ್ಕೆ ಓಡದಂತೆ ನಿಲ್ಲಿಸಬೇಕು. ಇದು ಅರ್ಧ ದಿನದ ಕೆಲಸ ಅಲ್ಲವೇ ಅಲ್ಲ.

ತೂತು ಪಾಟಾದ ಬ್ರಾಕೆಟ್ಟಿನ ಬುಡದಲ್ಲಿದ್ದರೆ, ಸ್ಟೇರಿಂಗ್ ಬಾಕ್ಸು ಕೂತ ಜಾಗದಲ್ಲಿದ್ದರೆ, ಹಿಂದಿನ ಆಕ್ಸಲಿನ ಮೇಲೆ ಚಾಸಿ ಕಮಾನಿನಂತೆ ಏರಿದ ಕಡೆ ಎರಡೂ ಬದಿ ತಿಂದುಹೋಗಿದ್ದರೆ ಯಾವ ಮೇಸ್ತ್ರಿಯೂ ಕೈ ಹಾಕಬಾರದು. ಲೋಡು ಹೇರಿದಾಗ ಕ್ಯಾಬಿನ್ನಿಗೂ ತೊಟ್ಟಿಗೂ ನಡುವಿನ ಸಂದು ಬದಲಾಗುತ್ತಿದ್ದರೆ, ನೆಟ್ಟಗಿದ್ದ ಬಾಗಿಲು ಒಮ್ಮಿಂದೊಮ್ಮೆಗೆ ಹಾಕಿಕೊಳ್ಳದಾಗಿದ್ದರೆ, ಅದು ಬಾಗಿಲಿನ ರೋಗ ಅಲ್ಲ.

ಹಾಗಾದರೆ ಚಾಸಿಯನ್ನೇ ಬದಲಿಸೋಣ ಎನ್ನುವವರು ಒಂದು ಕ್ಷಣ ನಿಲ್ಲಬೇಕು. ಗಾಡಿಯ ಗುರುತಿನ ನಂಬರು ಕೆತ್ತಿರುವುದು ಚಾಸಿಯ ಮೇಲೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ಕಂಪನಿ ಮೂಲದಲ್ಲಿ ತೋರಿಸಿದ ವಿವರಕ್ಕೆ ವ್ಯತ್ಯಾಸವಾಗುವ ಬದಲಾವಣೆಯನ್ನು ಮಾಲಕ ತಾನೇ ಮಾಡಿಕೊಳ್ಳುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಈ ಕಲಮನ್ನು ಬಿಗಿಯಾಗಿಯೇ ಎತ್ತಿ ಹಿಡಿಯಿತು. ಗುಜರಿಯಿಂದ ಯಾವುದೋ ಗಾಡಿಯ ಚಾಸಿ ತಂದು ಹಳೇ ನಂಬರ ತುಂಡನ್ನು ಅದಕ್ಕೆ ಬೆಸೆದರೆ ರಿಪೇರಿ ಹೋಗಿ ಪೋಲೀಸ ಕೇಸಾಗುತ್ತದೆ. ಮೊದಲು ಆರ್.ಟಿ.ಓ. ಕಚೇರಿಗೆ ಅರ್ಜಿ, ಆಮೇಲೆ ಸ್ಪಾನರು. ತುಕ್ಕು ನಂಬರನ್ನೇ ತಿಂದಿದ್ದರೂ ಅಷ್ಟೇ, ವಿಮೆಯವರು ಕೇಳುವ ಮೊದಲೇ ಹೋಗಿ ತೋರಿಸುವುದು ಲೇಸು.

ನಮ್ಮನ್ನು ಈ ಅಂಕಣ ಬರೆಯಲು ಹಚ್ಚಿದ್ದು ಉಳ್ಳಾಗಡ್ಡಿ ಚೀಲಗಳ ಚಿಂತೆಯಲ್ಲ. ಉಳ್ಳಾಗಡ್ಡಿ ರಸ್ತೆಗೆ ಬಿದ್ದರೆ ಆರಿಸಿಕೊಳ್ಳಬಹುದು. ಹಂಗಾಮು ಬಂತೆಂದರೆ ಶೇಂಗಾ ಕೀಳಲು, ಹೆಸರು ಬಿಡಿಸಲು, ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಈ ಸೀಮೆಯ ಹೆಣ್ಣಾಳುಗಳು ಹೋಗುವುದು ಇಂಥಾ ತೊಟ್ಟಿಗಳಲ್ಲೇ. ಲೋಡಿನ ಗಾಡಿಯಲ್ಲಿ ಜನ ತುಂಬುವುದು ಕಾಯ್ದೆಗೆ ವಿರುದ್ಧ ಎಂದು ಗೊತ್ತಿಲ್ಲದವರು ಯಾರೂ ಇಲ್ಲ. ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. 2002ರಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಏನೆಂದರೆ, ಸರಕಿನ ಗಾಡಿಯಲ್ಲಿ ಪುಕ್ಕಟೆ ಕೂತ ಪ್ರಯಾಣಿಕರಿಗಾಗಿ ವಿಮಾ ಕಂಪನಿ ಹೊಣೆಯಲ್ಲ. ಸರಕಿನ ಮಾಲಕ ಅಥವಾ ಅವನ ಪ್ರತಿನಿಧಿ ಜೊತೆಗಿದ್ದರೆ ಅವರ ಮಾತು ಬೇರೆ. ಹೊಲಕ್ಕೆ ಹೊರಟ ಹೆಣ್ಣಾಳು ಸರಕಿನ ಮಾಲಕಳಲ್ಲ. ಗಾಡಿ ಮುರಿದು ಬಿದ್ದರೆ ಅವಳ ಮನೆಯವರು ಪರಿಹಾರ ಕೇಳಬೇಕಾದ್ದು ಅದೇ ಮೂರನೇ ಕೈಯ ಗಾಡಿಯ ಮಾಲಕನನ್ನು, ಅವನ ಬಂಗಾರ ಆಗಲೇ ಅಡವಿಗೆ ಹೋಗಿದೆ. ಅವಳನ್ನು ಹೊತ್ತು ತರುವುದು ಮತ್ತೆ ಇದೇ ಮಲ್ಲಸಮುದ್ರಕ್ಕೆ, ಇಲ್ಲಿಯ ಸರಕಾರಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಗೆ.

ಮಾಲಕನೂ ತಿಳಿದಿರಲಿ. ಅದೇ ಕಾಯ್ದೆಯ 190ನೇ ಕಲಮು, ತನಗೆ ಗೊತ್ತಿದ್ದ ದೋಷಕ್ಕೆ ಮಾತ್ರವಲ್ಲ, ಸಾಧಾರಣ ಜಾಗರೂಕತೆಯಿಂದ ಪತ್ತೆ ಹಚ್ಚಬಹುದಾಗಿದ್ದ ದೋಷಕ್ಕೂ ಶಿಕ್ಷೆ ಹೇಳುತ್ತದೆ. 2019ರ ತಿದ್ದುಪಡಿಯ ಮೇಲೆ ದಂಡ 1500 ರೂಪಾಯಿ. ಆ ದೋಷದಿಂದ ಅಪಘಾತವಾಗಿ ಪೆಟ್ಟಾದರೆ ಮೂರು ತಿಂಗಳ ತನಕ ಜೈಲು, ಇಲ್ಲವೇ 5000 ರೂಪಾಯಿ ದಂಡ, ಇಲ್ಲವೇ ಎರಡೂ. "ಕೆಳಗ ನೋಡಿರಲಿಲ್ರಿ ಸಾಹೇಬ್ರ" ಎಂಬ ಉತ್ತರಕ್ಕೆ ಕೋರ್ಟಿನಲ್ಲಿ ಬೆಲೆ ಇಲ್ಲ.

ಹೆಣ್ಣುಮಕ್ಕಳು ಪಿಕಪ್ಪು ಯಾಕೆ ಹತ್ತುತ್ತಾರೆ, ಬಸ್ಸು ಪುಕ್ಕಟೆ ಇದೆಯಲ್ಲ ಎಂದು ಪ್ಯಾಟಿಯವರು ಕೇಳುವುದುಂಟು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಒಳ್ಳೆಯದಾಯಿತು. ಆದರೆ ಬಸ್ಸು ನಿಲ್ಲುವುದು ಊರ ಸ್ಟ್ಯಾಂಡಿನಲ್ಲಿ, ಹತ್ತಿ ಇರುವುದು ಹೊಲದಲ್ಲಿ. ಕೂಲಿ ಹೆಣ್ಣಾಳುಗಳ ಹೊತ್ತಿಗೆ, ಹೊಲದ ಹಾದಿಗೆ ಹತ್ತಿರವಾಗಿ ಹಂಗಾಮಿನ ಎರಡು ಮೂರು ತಿಂಗಳ ಮಟ್ಟಿಗಾದರೂ ಮುಂಜಾನೆ ಸಂಜೆ ಒಂದೊಂದು ಬಸ್ಸು ಬಿಡಲು ವಾಯವ್ಯ ಸಾರಿಗೆಯವರಿಗೆ ಅಡ್ಡಿ ಏನು?

ಹೊರದೇಶದ ಒಂದು ಪ್ರಕರಣ ಇಲ್ಲಿ ಹೇಳುವಂತಿದೆ. ಅಮೇರಿಕಾದಲ್ಲಿ ಟೊಯೋಟಾ ಕಂಪನಿಯ ಟಕೋಮಾ ಎಂಬ ಪಿಕಪ್ಪುಗಳ ಚಾಸಿ ಹೊತ್ತಿಗೆ ಮುಂಚೆ ತುಕ್ಕು ಹಿಡಿಯಿತು. 2008ರಲ್ಲಿ ಕಂಪನಿ ಕೆಲವು ಹಳೇ ಗಾಡಿಗಳನ್ನು ತಾನೇ ಮರಳಿ ಕೊಂಡಿತು. ಮಾಲಕರು ಒಗ್ಗೂಡಿ ಕೋರ್ಟಿಗೆ ಹೋದ ಮೇಲೆ 2016ರ ನವೆಂಬರಿನಲ್ಲಿ ಸುಮಾರು 15 ಲಕ್ಷ ಗಾಡಿಗಳ ಸಲುವಾಗಿ 340 ಕೋಟಿ ಡಾಲರ ತನಕದ ರಾಜಿಗೆ ಒಪ್ಪಿತು: ತಪಾಸಣೆ ಪುಕ್ಕಟೆ, ತೂತು ಬಿದ್ದಿದ್ದರೆ ಹೊಸ ಚಾಸಿ. ನಮ್ಮ ಗಾಡಿಗಳ ತುಕ್ಕಿಗೆ ಕಂಪನಿಯೇ ಕಾರಣವೆಂದು ನಾವು ಹೇಳುವುದಿಲ್ಲ, ಗೊಬ್ಬರ ಚೆಲ್ಲಿದವರು ನಾವೇ. ಆದರೆ ಅಲ್ಲಿ ಗಾಡಿಯ ಕೆಳಗೆ ಯಾರೋ ಒಬ್ಬರು ತೂರಿ ನೋಡಿದ್ದರಿಂದಲೇ ಇಷ್ಟೆಲ್ಲ ನಡೆಯಿತು.

ನಮ್ಮ ಬೇಡಿಕೆ ದೊಡ್ಡದಲ್ಲ. ಪಾಸಿಂಗ್ ಮಾಡುವ ಜಾಗೆಯಲ್ಲಿ ತಗ್ಗು ತೋಡಿ ಮೇಲೆ ಗಾಡಿ ನಿಲ್ಲಿಸುವ ಏರ್ಪಾಡು ಆಗಬೇಕು. ಅಲ್ಲಿಯವರೆಗೆ ಎರಡು ಜ್ಯಾಕು, ಒಂದು ಸುತ್ತಿಗೆಯಾದರೂ ಬರಲಿ. ಚಾಸಿಗೆ ಹಸಿ ಬಣ್ಣ ಬಳಿದು ಬಂದ ಗಾಡಿಯನ್ನು ಬಣ್ಣ ಕೆರೆಸಿಕೊಂಡು ಬಾ ಎಂದು ವಾಪಸು ಕಳಿಸುವ ಧೈರ್ಯ ಅಧಿಕಾರಿಗಳಿಗೆ ಇರಬೇಕು. ಪಾಸಿಂಗಿಗೆ ಮೊದಲೇ, ದಂಡದ ಭಯವಿಲ್ಲದೆ ಮಾಲಕರು ಬಂದು ತೋರಿಸುವಂಥ ತಪಾಸಣೆಯನ್ನು ಗದಗಿನ ಎ.ಪಿ.ಎಂ.ಸಿ. ಆವರಣದಲ್ಲಿ ಸಂತೆಯ ದಿನ ನಡೆಸಿದರೆ ಗಾಡಿಗಳೆಲ್ಲ ಒಂದೇ ಕಡೆ ಸಿಗುತ್ತವೆ. ರಿಪೇರಿ ಆಗುವಂಥದ್ದಕ್ಕೆ ಸಹಕಾರಿ ಬ್ಯಾಂಕುಗಳು ಸಣ್ಣ ಸಾಲ ಕೊಡಲಿ. ಟ್ರ್ಯಾಕ್ಟರಿಗೆ ಕೊಡುವವರು ಚಾಸಿಗೆ ಯಾಕೆ ಕೊಡಬಾರದು?

ಗಾಡಿಯವರು ಸರಕಾರದ ದಾರಿ ಕಾಯದೆ ಇವತ್ತೇ ಮಾಡಬಹುದಾದ ಕೆಲಸವೂ ಇದೆ. ಗೊಬ್ಬರ ಅಥವಾ ಉಪ್ಪು ಇಳಿಸಿದ ದಿನ ಸಂಜೆ ಎರಡು ಕೊಡ ನೀರು ಕೆಳಗಿನಿಂದ ಹೊಡೆಯುವುದು, ಮಳೆಗಾಲ ಮುಗಿದೊಡನೆ ತೂತಿನ ಮಣ್ಣು ಕಡ್ಡಿಯಿಂದ ತೆಗೆಯುವುದು, ವರ್ಷಕ್ಕೊಮ್ಮೆ ತೊಟ್ಟಿಯ ಬೋಲ್ಟು ಸಡಿಲಿಸಿ ಕಟ್ಟಿಗೆಯ ಪಟ್ಟಿಯ ಕೆಳಗೆ ನೋಡುವುದು. ಹತ್ತಿ ಬಿಡಿಸುವ ಹಂಗಾಮು ಶುರುವಾಗುವ ಮೊದಲೇ ಈ ರಸ್ತೆಯಲ್ಲಿ ಹೆಣ್ಣಾಳುಗಳನ್ನು ಒಯ್ಯುವ ಪ್ರತಿಯೊಂದು ಹಳೇ ಪಿಕಪ್ಪಿನ ಹಿಂದಿನ ಪಾಟಾದ ಬುಡಕ್ಕೆ ಒಂದೊಂದು ಸುತ್ತಿಗೆಯ ಏಟು ಬೀಳಲಿ. ಬೊದ್ ಎಂದ ಗಾಡಿ ಆ ದಿನವೇ ಗ್ಯಾರೇಜಿಗೆ ಹೋಗಲಿ, ಹೆಣ್ಣಾಳುಗಳು ಅದನ್ನು ಹತ್ತುವುದು ಬೇಡ. ಸಾರಿಗೆ ಇಲಾಖೆಯವರೂ ಜಿಲ್ಲಾಡಳಿತದವರೂ ಇತ್ತ ಗಮನ ಹರಿಸುವರೇ?